ರಾಹುಕಾಲದ ಕೂಲಿ

ಪೀಣ್ಯದ ಬಹಳಷ್ಟು ಶೆಡ್ಡುಗಳಲ್ಲಿ ಜನರಲ್ ಶಿಫ್ಟು ಬೆಳಿಗ್ಗೆ ಎಂಟೂವರೆಗೆ ಶುರು. ಗೋಡೆಯ ಮೇಲಿನ ಕ್ಯಾಲೆಂಡರ್ ಯಾವುದೇ ಇರಲಿ, ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಅಂದರೆ ಸಾವಿರಾರು ಮಂದಿ ವಾರದ ಮೊದಲ ಹಾಜರಿ ಹಾಕುವುದು ರಾಹುಕಾಲದಲ್ಲೇ. ಇದಕ್ಕಾಗಿ ಯಾವ ಮಾಲೀಕರಾದರೂ ಶಿಫ್ಟನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಅದೇ ಶೆಡ್ಡಿಗೆ ಹೊಸ ಲೇತೋ, ಸಿ.ಎನ್.ಸಿ. ಮಿಶಿನ್ನೋ ಬಂದರೆ ಲಾರಿ ರೋಡಿನಲ್ಲಿ ನಿಂತು ಕಾಯುತ್ತದೆ. 'ರಾಹುಕಾಲ ಕಳೀಲಿ, ಆಮೇಲೆ ಇಳಿಸೋಣ' ಅನ್ನುತ್ತಾರೆ. ಕಳೆದ ಮೇಲೆ ನಿಂಬೆಹಣ್ಣು, ತೆಂಗಿನಕಾಯಿ, ಊದುಬತ್ತಿ. ಮಿಶಿನ್ನಿಗೆ ರಾಹುಕಾಲ ಇದೆ, ಮಿಶಿನ್ ಓಡಿಸುವವನಿಗೆ ಇಲ್ಲ.

ಒಳ್ಳೆ ದಿನ, ಕೆಟ್ಟ ದಿನ, ಆಗದ ಅಂಕಿ ಇವುಗಳ ಬಗ್ಗೆ ನಮ್ಮಲ್ಲಿ ನಡೆದಿರುವ ಚರ್ಚೆ ಬಹುಪಾಲು 'ಇದು ನಿಜವೋ ಸುಳ್ಳೋ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ಮಾಡಿ, ಪ್ರಶ್ನೆ ಕೇಳುವುದನ್ನು ನಮಗೆಲ್ಲ ಕಲಿಸಿದರು. ಆ ಋಣ ದೊಡ್ಡದು. ಆದರೆ ದಲಿತ ವಿಮರ್ಶೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಈ ನಂಬಿಕೆಯ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ? ಕೆಟ್ಟ ದಿನವನ್ನು ತಪ್ಪಿಸಿಕೊಳ್ಳುವವರು ಯಾರು, ಅದನ್ನು ಮೈಮೇಲೆ ಹೊರುವವರು ಯಾರು? ನಿಜ ಸುಳ್ಳಿನ ಪ್ರಶ್ನೆಯನ್ನು ಲ್ಯಾಬಿನಲ್ಲಿ ತೀರ್ಮಾನಿಸಬಹುದು. ಈ ಪ್ರಶ್ನೆಗೆ ಬೀದಿಗೇ ಬರಬೇಕು.

ನಮ್ಮಪ್ಪ ಯಳಂದೂರು ಕಡೆಯಿಂದ ಪೀಣ್ಯಕ್ಕೆ ಬಂದು ಒಂದು ಪ್ಲೇಟಿಂಗ್ ಶೆಡ್ಡಿಗೆ ಸೇರಿದವರು. 2014ರ ನವೆಂಬರಿನಲ್ಲಿ ಏಳನೇ ತಾರೀಖು ಶುಕ್ರವಾರ ಬಿದ್ದಿತ್ತು. ಅವತ್ತು ಸಂಬಳದ ದಿನ. ನಾನಾಗ ಎರಡನೇ ಪಿಯುಸಿ. ಓನರ್ ಬ್ಯಾಂಕಿನಿಂದ ದುಡ್ಡು ತರುವಷ್ಟರಲ್ಲಿ ಸಂಜೆಯಾಗಿ, ಆಫೀಸಿನ ಲಕ್ಷ್ಮೀ ಪಟದ ಮುಂದೆ ದೀಪ ಹಚ್ಚಿಯಾಗಿತ್ತು. 'ಶುಕ್ರವಾರ ದೀಪ ಹಚ್ಚಿದ ಮೇಲೆ ಲಕ್ಷ್ಮೀನ ಆಚೆ ಕಳಿಸಲ್ಲ ಕಣಯ್ಯ, ನಾಳೆ ಬಾ' ಅಂದರಂತೆ. ಅಪ್ಪ ಬರಿಗೈಲಿ ಮನೆಗೆ ಬಂದರು. ಬಾಗಿಲಲ್ಲಿ ಮನೆ ಓನರಮ್ಮ ನಿಂತಿದ್ದರು, ಬಾಡಿಗೆಗೆ. ಅವರ ಮಾತು: 'ಶುಕ್ರವಾರ ಮನೆಗೆ ಬರೋ ಲಕ್ಷ್ಮೀನ ನಾಳೆ ಬಾ ಅನ್ನಬಾರದು, ಇವತ್ತೇ ಕೊಟ್ಟುಬಿಡಿ.' ನಮ್ಮವ್ವ ಒಂದು ಮಾತೂ ಆಡದೆ ಕಿವಿಯ ಓಲೆ ಬಿಚ್ಚಿ ಗಿರವಿ ಅಂಗಡಿಗೆ ಹೋದಳು. ಗಿರವಿ ಅಂಗಡಿಯವನಿಗೆ ಶುಕ್ರವಾರದ ತಕರಾರು ಇರಲಿಲ್ಲ, ಅವನ ಲೆಕ್ಕದಲ್ಲಿ ಚಿನ್ನ ಒಳಗೆ ಬಂತಲ್ಲ. ಶನಿವಾರ ಓನರ್ ಊರಲ್ಲಿರಲಿಲ್ಲ, ಭಾನುವಾರ ರಜ. ಸೋಮವಾರ ರಾಹುಕಾಲ ಕಳೆದು ಒಂಬತ್ತಾದ ಮೇಲೆ ಸಂಬಳ ಕೈಗೆ ಬಂತು. ಒಂದು ತಿಂಗಳ ಬಡ್ಡಿ ನಮ್ಮ ಪಾಲಿಗೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಶೆಡ್ಡಿನ ಓನರ್ ಕೆಟ್ಟವರಾಗಿರಲಿಲ್ಲ, ಅಪ್ಪನಿಗೆ ಜ್ವರ ಬಂದಾಗ ಮಾತ್ರೆಗೆ ದುಡ್ಡು ಕೊಟ್ಟವರು. ಮನೆ ಓನರಮ್ಮನೂ ದೈವಭಕ್ತೆ. ಇಬ್ಬರೂ ಒಂದೇ ಶುಕ್ರವಾರವನ್ನು ನಂಬುವವರು. ಒಂದೇ ನಂಬಿಕೆ ಒಂದು ಬಾಗಿಲಲ್ಲಿ 'ಕೊಡಬಾರದು' ಎಂದಿತು, ಇನ್ನೊಂದು ಬಾಗಿಲಲ್ಲಿ 'ಈಗಲೇ ತೆಗೆದುಕೊಳ್ಳಬೇಕು' ಎಂದಿತು. ಎರಡು ಸಲವೂ ದುಡ್ಡು ಇದ್ದವರ ಕಡೆಗೇ ಹರಿಯಿತು. 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ ಇಂಥ ಸಣ್ಣ ಘಟಕಗಳಲ್ಲಿ ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ದಿನ ಮುಗಿಯುವ ಮುಂಚೆ ಕೈಸೇರಬೇಕಿತ್ತು. ಈಗಿನ 2019ರ ವೇತನ ಸಂಹಿತೆಯಲ್ಲೂ ಏಳು ದಿನದ ಗಡುವು ಹಾಗೇ ಇದೆ. ಎರಡರಲ್ಲೂ ಶುಕ್ರವಾರಕ್ಕೆ ವಿನಾಯಿತಿ ಇಲ್ಲ. ಆದರೆ ಕಾನೂನು ಪುಸ್ತಕಕ್ಕಿಂತ ಗೋಡೆಯ ಕ್ಯಾಲೆಂಡರ್ ಹತ್ತಿರದಲ್ಲಿ ನೇತಾಡುತ್ತಿರುತ್ತದೆ.

ಈ ಕ್ಯಾಲೆಂಡರ್ ಏನು ಹೇಳುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗಿನ ಹೊತ್ತನ್ನು ಎಂಟು ಭಾಗ ಮಾಡಿ, ದಿನಕ್ಕೊಂದು ಭಾಗವನ್ನು ರಾಹುವಿಗೆ ಬಿಡುತ್ತಾರೆ. ಸೋಮವಾರ ಎರಡನೆಯದು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಭಾನುವಾರ ಎಂಟು. ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಒಂದೊಂದು ಭಾಗ ಒಂದೂವರೆ ಗಂಟೆ. ಕ್ಯಾಲೆಂಡರಿನ ಪಟ್ಟಿ ವರ್ಷವಿಡೀ ಇದೇ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಆದರೆ ಬೆಂಗಳೂರಿನಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲರ ಸುಮಾರಿಗೆ. ಹೀಗಾಗಿ ಆ ಶಾಸ್ತ್ರದ ಲೆಕ್ಕದ ಪ್ರಕಾರವೇ ಪಟ್ಟಿಯ ರಾಹುಕಾಲ ಅರ್ಧ ಮುಕ್ಕಾಲು ಗಂಟೆ ತಪ್ಪಾಗಿರುತ್ತದೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ರಾತ್ರಿಯಿಡೀ ಅಮೆರಿಕದ ಹಗಲಿಗೆ ದುಡಿಯುವ ಹುಡುಗರಿಗೆ ಯಾವ ಊರಿನ ರಾಹುಕಾಲ ಅನ್ವಯಿಸುತ್ತದೋ ದೇವರಿಗೇ ಗೊತ್ತು.

ವಾರಗಳಾದರೂ ಅನಾದಿಯೇ ಅಂದರೆ, ಅದೂ ಅಲ್ಲ. ಗ್ರಹಗಳ ಹೆಸರಿನ ಏಳು ದಿನದ ವಾರ ಪಶ್ಚಿಮದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತದ್ದು. ವೇದಾಂಗ ಜ್ಯೋತಿಷದಲ್ಲಿ ಅದು ಇಲ್ಲ. ವಾರದ ಹೆಸರಿರುವ ನಮ್ಮ ತೀರ ಹಳೆಯ ಶಾಸನವೆಂದು ಗುರುತಿಸುವುದು ಮಧ್ಯಪ್ರದೇಶದ ಎರಣ್‌ನಲ್ಲಿರುವ, ಬುಧಗುಪ್ತನ ಕಾಲದ ಕ್ರಿ.ಶ. 484ರ ಶಾಸನವನ್ನು. ನಮ್ಮಪ್ಪನ ಸಂಬಳ ತಡೆದ ಶುಕ್ರವಾರವೂ ಒಂದು ಕಾಲಕ್ಕೆ ಹೊರಗಿನಿಂದ ವಲಸೆ ಬಂದದ್ದೇ.

ಈಗ ರಾಹುವಿನ ಕತೆಗೆ ಬರೋಣ. ಖಗೋಳದ ಲೆಕ್ಕದಲ್ಲಿ ರಾಹು ಒಂದು ಗ್ರಹವಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಒಂದು ಬಿಂದು, ಅಷ್ಟೆ. ಆದರೆ ಪುರಾಣದ ರಾಹು ಯಾರು? ಮೋಹಿನಿ ಅಮೃತ ಬಡಿಸುವಾಗ ದೇವತೆಗಳ ಪಂಕ್ತಿಯಲ್ಲಿ ವೇಷ ಮರೆಸಿ ಕೂತ ಅಸುರ. ಪಕ್ಕದಲ್ಲಿದ್ದ ಸೂರ್ಯ ಚಂದ್ರರು 'ಇವನು ನಮ್ಮವನಲ್ಲ' ಎಂದು ತೋರಿಸಿಕೊಟ್ಟರು, ತಲೆ ಹಾರಿತು. ಈ ಕತೆಯನ್ನು ಕ್ಲಾಸಿನಲ್ಲಿ ಹೇಳುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ, 'ಸಾರ್, ಊಟಕ್ಕೆ ಕೂತಿದ್ದಕ್ಕಾ?' ಅಂದ. ನನಗೆ ಆವರೆಗೆ ಹಾಗೆ ಹೊಳೆದಿರಲಿಲ್ಲ. ಪಂಕ್ತಿಭೇದ, ಸಹಪಂಕ್ತಿ ಭೋಜನ ಎಂಬ ಮಾತುಗಳು ಬಳಕೆಯಲ್ಲಿರುವ ನಾಡಿನಲ್ಲಿ, ಕೂರಬಾರದ ಸಾಲಿನಲ್ಲಿ ಕೂತು ಉಂಡವನ ಹೆಸರನ್ನೇ ಕೆಟ್ಟ ಹೊತ್ತಿಗೆ ಇಟ್ಟಿರುವುದು ಸುಮ್ಮನೆ ಅಲ್ಲ ಅನಿಸುತ್ತದೆ. ಇದು ನನ್ನ ಓದು, ಒಪ್ಪದವರು ಬಿಡಬಹುದು. ಆದರೆ ಮುಂದಿನದು ಓದಲ್ಲ, ಇತಿಹಾಸ.

ಪೇಶ್ವೆಗಳ ಕಾಲದ ಪುಣೆಯಲ್ಲಿ ಮಹಾರರು, ಮಾಂಗರು ಮಧ್ಯಾಹ್ನ ಮೂರರಿಂದ ಮರುದಿನ ಬೆಳಿಗ್ಗೆ ಒಂಬತ್ತರವರೆಗೆ ಊರ ಬಾಗಿಲೊಳಗೆ ಬರುವಂತಿರಲಿಲ್ಲ. ಆ ಹೊತ್ತಿನಲ್ಲಿ ನೆರಳು ಉದ್ದ ಬೀಳುತ್ತದೆ, ಮೇಲಿನವರಿಗೆ ತಾಕೀತು ಎಂಬುದು ಕಾರಣ. ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಇದನ್ನು ದಾಖಲಿಸಿದ್ದಾರೆ. ಲೆಕ್ಕ ಹಾಕಿ, ಹದಿನೆಂಟು ಗಂಟೆ. ಮಾಲೀಕನ ರಾಹುಕಾಲ ದಿನಕ್ಕೆ ಒಂದೂವರೆ ಗಂಟೆ, ಅದೂ ಕಳೆದು ಹೋಗುತ್ತದೆ. ಅಸ್ಪೃಶ್ಯನಿಗೆ ಹದಿನೆಂಟು ಗಂಟೆ, ಅದು ಪ್ರತಿ ದಿನ ವಾಪಸು ಬರುತ್ತದೆ. ಅಲ್ಲಿ ಅಶುಭ ಅನ್ನಿಸಿಕೊಂಡದ್ದು ಹೊತ್ತಲ್ಲ, ಮನುಷ್ಯ. 'ಬೆಳಿಗ್ಗೆ ಎದ್ದು ಯಾರ ಮುಖ ನೋಡಿದೆನೋ' ಎಂಬ ನಮ್ಮ ಸಾಮಾನ್ಯ ಮಾತಿನಲ್ಲೂ, ವಿಧವೆ ಎದುರು ಬಂದರೆ ಹೊರಟವರು ಹಿಂದಿರುಗಿ ನೀರು ಕುಡಿದು ಕೂರುವುದರಲ್ಲೂ ಇದೇ ಲೆಕ್ಕ ಇದೆ. ಕೆಟ್ಟ ದಿನ ಮತ್ತು ಕೆಟ್ಟ ಮನುಷ್ಯ ಎರಡೂ ಒಂದೇ ಪಂಚಾಂಗದ ಎರಡು ಪುಟಗಳು.

ಅಮಾವಾಸ್ಯೆಯ ಮಾರನೇ ಬೆಳಿಗ್ಗೆ ಪೀಣ್ಯದ ಯಾವುದಾದರೂ ಕ್ರಾಸಿನಲ್ಲಿ ನಡೆದುಹೋದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಶೆಡ್ಡಿನ ಮುಂದೆ, ಅಂಗಡಿ ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳ, ಹಿಚುಕಿದ ನಿಂಬೆಹಣ್ಣು. ಆಯುಧ ಪೂಜೆ ಬಂದರಂತೂ ರಸ್ತೆ ಪೂರಾ ಜಾರುತ್ತದೆ, ಸ್ಕೂಟರಿನವರು ಬೀಳುತ್ತಾರೆ. ದೃಷ್ಟಿ ತೆಗೆದ ವಸ್ತುವನ್ನು ದಾಟಬಾರದು, ತುಳಿಯಬಾರದು, ಮುಟ್ಟಬಾರದು ಅನ್ನುವುದು ನಂಬಿಕೆ. ಒಡೆದವರು ತಿರುಗಿ ನೋಡದೆ ಒಳಗೆ ಹೋಗುತ್ತಾರೆ. ಹಾಗಾದರೆ ಅದನ್ನು ಎತ್ತುವವರು ಯಾರು? ಬೆಳಿಗ್ಗೆ ಆರಕ್ಕೆ ಬರುವ ಪೌರಕಾರ್ಮಿಕ ಹೆಂಗಸು. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಹೆಚ್ಚಿನವರು ಹೆಂಗಸರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಪೊರಕೆ ಹಿಡಿದ ಕೈ ಬದಲಾಗಲಿಲ್ಲ. ನಂಬುವವರ ಲೆಕ್ಕದಲ್ಲೇ ಹೇಳುವುದಾದರೆ, ಶೆಡ್ಡಿನ ಅಷ್ಟೂ ಅನಿಷ್ಟ ಆ ಕುಂಬಳಕಾಯಿಯೊಳಗೆ ಇಳಿದಿದೆ. ಅದನ್ನು ಬರಿಗೈಲಿ ಎತ್ತುವ ಅವಳಿಗೆ ಏನಾಗಬಹುದು ಎಂದು ಒಬ್ಬರೂ ಕೇಳುವುದಿಲ್ಲವಲ್ಲ, ಯಾಕೆ? ಅವಳು ಮೊದಲೇ ಅನಿಷ್ಟದ ಪಕ್ಕದಲ್ಲಿ ನಿಂತವಳು ಎಂಬ ತೀರ್ಮಾನ ಒಳಗೆಲ್ಲೋ ಆಗಿಹೋಗಿರುವುದರಿಂದ. ಮೂಢನಂಬಿಕೆಗೆ ಜಾತಿ ಇಲ್ಲ ಅನ್ನುವವರು ಈ ಕುಂಬಳಕಾಯಿಯ ದಾರಿಯನ್ನು ಹಿಂಬಾಲಿಸಬೇಕು.

ಅಂಕಿಗಳ ಕತೆಯೂ ಬೇರೆಯಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳ್ತನದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟಾಗ, ಇನ್ನು ಕಂಪ್ಯೂಟರ್ ಬಂತು, ಲೆಕ್ಕ ಬಂತು, ಇಂಥದೆಲ್ಲ ಹೋಗುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಹೋಗಲಿಲ್ಲ, ಹೊರಗಿನದೂ ಬಂದು ಸೇರಿಕೊಂಡಿತು. ಎಂಟು ಶನಿಯ ಅಂಕಿ ಎಂಬುದು ನಮ್ಮ ಸಂಖ್ಯಾಶಾಸ್ತ್ರದವರ ಹೆದರಿಕೆ. ಹದಿಮೂರು ಯುರೋಪಿನ ಹೆದರಿಕೆ. ಚೀನಾದವರಿಗೆ ನಾಲ್ಕು ಆಗದು, ಸಾವು ಎಂಬ ಪದದ ಸದ್ದು ಅದಕ್ಕಿದೆ. ಅದೇ ಚೀನಾದಲ್ಲಿ ಎಂಟು ಮಹಾ ಶುಭ, ಬೀಜಿಂಗ್ ಒಲಿಂಪಿಕ್ಸ್ ಶುರುವಾದದ್ದು 2008ರ ಆಗಸ್ಟ್ 8ರ ರಾತ್ರಿ 8 ಗಂಟೆಗೆ. ಅಲ್ಲಿ ಐಶ್ವರ್ಯ ತರುವ ಅಂಕಿ ಇಲ್ಲಿ ಶನಿ ತರುತ್ತದೆ ಎಂದರೆ, ಅಂಕಿಯೊಳಗೆ ಏನೂ ಇಲ್ಲ ಎಂದೇ ಅರ್ಥ.

ವೈಟ್‌ಫೀಲ್ಡ್ ಕಡೆಯ ಕೆಲವು ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ಹನ್ನೆರಡಾದ ಮೇಲೆ ಹದಿನಾಲ್ಕು. ಆದರೆ ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದು ಸೆಂಟ್ರಿಂಗ್ ಹೊಡೆದವನು, ಜಲ್ಲಿ ಹೊತ್ತವಳು ಹದಿಮೂರನೇ ಸ್ಲ್ಯಾಬಿನ ಮೇಲೆ ನಿಂತೇ ಹದಿನಾಲ್ಕಕ್ಕೆ ಹತ್ತಿದ್ದಾರೆ. ಅವರ ಕೂಲಿಯ ಲೆಕ್ಕದಲ್ಲಿ ಹದಿಮೂರು ಇತ್ತು, ಮಾರುವಾಗ ಮಾಯವಾಯಿತು. ನಮ್ಮಪ್ಪನ ಟೋಕನ್ ನಂಬರ್ 26, ಕೂಡಿದರೆ ಎಂಟು. ಶೆಡ್ಡಿನ ಓನರ್ ತಮ್ಮ ಕಾರಿನ ನಂಬರ್ ಕೂಡಿದರೆ ಎಂಟು ಬರಬಾರದು ಅಂತ ಹೆಚ್ಚಿಗೆ ದುಡ್ಡು ಕಟ್ಟಿ ಬೇರೆ ನಂಬರ್ ತಗೊಂಡವರು. ಅಪ್ಪನಿಗೆ 26 ಕೊಡುವಾಗ ಕೂಡಿ ನೋಡುವ ಯೋಚನೆ ಅವರಿಗೆ ಬಂದಿರಲಿಕ್ಕಿಲ್ಲ. ಒಳ್ಳೆ ಅಂಕಿ ದುಡ್ಡಿಗೆ ಸಿಗುತ್ತದೆ, ಮಿಕ್ಕದ್ದು ಮಿಕ್ಕವರಿಗೆ.

ಅಪ್ಪ ಬಂದ ಜಿಲ್ಲೆಯ ಕತೆ ಕೇಳಿದರೆ, ಮನುಷ್ಯರಿಗೆ ಮಾತ್ರವಲ್ಲ, ಊರಿಗೂ ಈ ಶಾಪ ತಟ್ಟುತ್ತದೆ ಅನ್ನುವುದು ಗೊತ್ತಾಗುತ್ತದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮಾತಿಗೆ ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲರ ಉದಾಹರಣೆ ಕೊಡುತ್ತಾರೆ. 1990ರ ನಂತರ 2007ರಲ್ಲಿ ಕುಮಾರಸ್ವಾಮಿಯವರು ಹೋಗುವವರೆಗೆ ಯಾವ ಮುಖ್ಯಮಂತ್ರಿಯೂ ಆ ಪಟ್ಟಣಕ್ಕೆ ಹೋಗಲಿಲ್ಲ. 1997ರಲ್ಲಿ ಹೊಸ ಜಿಲ್ಲೆಯನ್ನು ಜೆ.ಎಚ್. ಪಟೇಲರು ಉದ್ಘಾಟಿಸಿದ್ದೂ ಮಹದೇಶ್ವರ ಬೆಟ್ಟದಿಂದ. ಸರಿ, ಹೋಗದವರು ಉಳಿದರೇ? ಬಂಗಾರಪ್ಪ 1992ರಲ್ಲಿ ಇಳಿದರು, ಮೊಯ್ಲಿ 1994ರಲ್ಲಿ ಸೋತರು, ಧರ್ಮಸಿಂಗ್ 2006ರಲ್ಲಿ ಹೋದರು. ಈ ರಾಜ್ಯದಲ್ಲಿ ಮುಖ್ಯಮಂತ್ರಿಗಳು ಇಳಿಯುವುದೇ ರೂಢಿ. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಆ ವರ್ಷವೇ ಹೋಗಿ, ಮತ್ತೆ ಮತ್ತೆ ಹೋಗಿ, 2018ರವರೆಗೆ ಐದು ವರ್ಷ ಪೂರೈಸಿದರು. ಆದರೆ ನಡುವಿನ ವರ್ಷಗಳಲ್ಲಿ ದಲಿತರು, ಸೋಲಿಗರು ದೊಡ್ಡ ಸಂಖ್ಯೆಯಲ್ಲಿರುವ ಆ ಸೀಮೆಯ ಜನ ತಮ್ಮ ಮುಖ್ಯಮಂತ್ರಿಗೆ ತಮ್ಮೂರಲ್ಲೇ ಅರ್ಜಿ ಕೊಡಲಾಗದೆ ಉಳಿದರು. ಊರನ್ನೇ ಮುಟ್ಟದೆ ಇರುವುದಕ್ಕೆ ಬೇರೆ ಹೆಸರೇನು?

ಇಷ್ಟೆಲ್ಲ ಬರೆದು, ನಮ್ಮ ಕೇರಿಯಲ್ಲಿ ಇದು ಇಲ್ಲ ಅಂದರೆ ಅದು ಸುಳ್ಳಾಗುತ್ತದೆ. ನಮ್ಮಲ್ಲೂ ಆಷಾಢದಲ್ಲಿ ಮದುವೆ ಇಲ್ಲ. ಸಾಲ ಸೋಲ ಮಾಡಿ ಪೀಣ್ಯದಲ್ಲೇ ಸಣ್ಣ ಶೆಡ್ ಹಾಕಿದ ನಮ್ಮ ಹುಡುಗರು ಬಾಬಾಸಾಹೇಬರ ಪಟದ ಪಕ್ಕದಲ್ಲೇ ರಾಹುಕಾಲದ ಪಟ್ಟಿ ನೇತುಹಾಕುತ್ತಾರೆ. ಇದನ್ನು ಬರೀ ಗುಲಾಮಗಿರಿ ಎಂದು ಬೈದುಬಿಡುವುದು ಸುಲಭ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದು ಇಲ್ಲಿ ನೆನಪಾಗುತ್ತದೆ. ಅಲ್ಲಿನ ಬೆಸ್ತರು ಅಪಾಯವಿಲ್ಲದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರ ಮಾಟದ ಗೊಡವೆಗೆ ಹೋಗುತ್ತಿರಲಿಲ್ಲ. ತೆರೆದ ಕಡಲಿಗೆ ಇಳಿಯುವಾಗ ಮಾತ್ರ ಎಲ್ಲ ವಿಧಿಗಳನ್ನೂ ಮಾಡುತ್ತಿದ್ದರು. ಕಾಂಟ್ರಾಕ್ಟ್ ಲೇಬರ್‌ಗೆ ಪ್ರತಿ ದಿನವೂ ತೆರೆದ ಕಡಲೇ. ನಾಳೆ ಗೇಟಿನಲ್ಲಿ ಸೆಕ್ಯುರಿಟಿ ಒಳಗೆ ಬಿಡುತ್ತಾನೋ ಇಲ್ಲವೋ ಗೊತ್ತಿಲ್ಲದವನು ಒಂದು ನಿಂಬೆಹಣ್ಣು ಕಟ್ಟಿಕೊಂಡರೆ, ಅವನನ್ನು ಅಣಕಿಸುವ ಮುಂಚೆ ಅವನ ನೌಕರಿ ಕಾಯಂ ಮಾಡುವ ಮಾತಾಡಬೇಕು. ಆದರೆ ಸಂಬಳ ತಡೆಹಿಡಿಯುವ ಮಾಲೀಕನ ಶುಕ್ರವಾರವೂ ಕೂಲಿಯವನ ನಿಂಬೆಹಣ್ಣೂ ಒಂದೇ ಅಲ್ಲ. ಒಂದು ಅಧಿಕಾರ, ಇನ್ನೊಂದು ಭಯ. ಎರಡನ್ನೂ 'ಮೂಢನಂಬಿಕೆ' ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದ್ದು ನಮ್ಮ ವಿಚಾರವಾದದ ಕೊರತೆ.

ಎದುರು ನಿಂತವರ ಪರಂಪರೆ ನಮಗಿದೆ. ಲಗ್ನ, ರಾಶಿಬಲ ನೋಡುವುದನ್ನು ಬಸವಣ್ಣ 12ನೇ ಶತಮಾನದಲ್ಲೇ ಬಿಟ್ಟುಕೊಟ್ಟರು. ಪೆರಿಯಾರರ ಸ್ವಾಭಿಮಾನ ಮದುವೆಗಳು ಬೇಕೆಂದೇ ರಾಹುಕಾಲದಲ್ಲಿ ನಡೆದವು. ಕುವೆಂಪು ಮಂತ್ರಮಾಂಗಲ್ಯದಲ್ಲಿ ಮುಹೂರ್ತಕ್ಕೆ ಜಾಗವಿಲ್ಲ. ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ಸ್ಮಶಾನವನ್ನು ಓದಿನ ಜಾಗ ಮಾಡಿಕೊಂಡಿದ್ದನ್ನು ನಗುನಗುತ್ತ ಹೇಳುತ್ತಾರೆ. 2014ರಿಂದ ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಸತೀಶ ಜಾರಕಿಹೊಳಿಯವರ ಮಾನವ ಬಂಧುತ್ವ ವೇದಿಕೆ ಬಾಬಾಸಾಹೇಬರ ಪರಿನಿಬ್ಬಾಣದ ಡಿಸೆಂಬರ್ 6ರಂದು ಸೇರುತ್ತ ಬಂದಿದೆ. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ನಮ್ಮ ಮೌಢ್ಯ ವಿರೋಧಿ ಕಾಯ್ದೆ ಮಡೆಸ್ನಾನದಂಥದನ್ನು ತಡೆಯಿತು, ಆದರೆ ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಹೊರಗಿಟ್ಟಿತು. ಅದೇನೂ ವಿಚಿತ್ರವಲ್ಲ. ಆದರೆ ಸಂಬಳ ತಡೆಯುವ ಶುಕ್ರವಾರವನ್ನು ಹಿಡಿಯಲು ಆ ಕಾಯ್ದೆ ಬೇಕಿಲ್ಲ, ವೇತನದ ಕಾನೂನೇ ಸಾಕು. ಕುಂಬಳಕಾಯಿಯನ್ನು ಒಡೆದವರೇ ಎತ್ತಬೇಕು ಎಂದು ಹೇಳಲು ಕಸದ ನಿಯಮವೇ ಸಾಕು. ಇಂಥ ಸಣ್ಣ, ಕೈಗೆಟಕುವ ಹಕ್ಕುಗಳ ಮೂಲಕ ಕೇಳಿದಾಗ ಅದು 'ನಿಮ್ಮ ನಂಬಿಕೆಗೆ ಧಕ್ಕೆ' ಆಗುವುದಿಲ್ಲ, 'ನನ್ನ ಕೂಲಿ ಕೊಡಿ' ಎಂಬ ಮಾತಾಗುತ್ತದೆ.

ನಮ್ಮವ್ವ ಈಗ ಪೀಣ್ಯದ ಎರಡನೇ ಹಂತದಲ್ಲಿ ಬೆಳಗಿನ ಇಡ್ಲಿ ಗಾಡಿ ಇಟ್ಟಿದ್ದಾಳೆ. ಪಾತ್ರೆ ತೊಳೆಯಲು ಗುರುಮಿಟ್ಕಲ್ ಕಡೆಯ ಒಬ್ಬಳು ಬರುತ್ತಾಳೆ. ಅವಳಿಗೆ ವಾರದ ದುಡ್ಡು ಕೊಡುವುದು ಶುಕ್ರವಾರ ಸಂಜೆ, ದೀಪ ಹಚ್ಚಿ ಆದ ಮೇಲೆ. ಒಂದು ಸಲ ಯಾಕವ್ವ ಅಂತ ಕೇಳಿದೆ. 'ಅವತ್ತು ನಂಗೆ ಬೇಕಾಗಿತ್ತಲ್ಲ ಮಗ, ಇವಳಿಗೂ ಅವತ್ತೇ ಬೇಕಾಯ್ತದೆ' ಅಂದಳು. ಪೊರಕೆ ಮಾತ್ರ ಇವತ್ತಿಗೂ ಶುಕ್ರವಾರ ಕೊಳ್ಳುವುದಿಲ್ಲ. ಅದರ ಬಗ್ಗೆ ನಾನು ಮಾತೆತ್ತಲು ಹೋಗಿಲ್ಲ, ಅದರ ಖರ್ಚು ಯಾರ ತಲೆ ಮೇಲೂ ಬೀಳುತ್ತಿಲ್ಲ.